ನೇರ ಪ್ರಸಾರದಲ್ಲಿ ಅಪ್ಪ

ಬೆಕ್ಕಿನ ಡಾಕ್ಟರಿಗೆ ಬೆಕ್ಕೇ ಕಚ್ಚಿಬಿಟ್ಟಿತ್ತು. ಅಂದಿನ ಬೆಳಗಿನ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬರಬೇಕಿದ್ದವರು ಅವರೇ. ನೇರ ಪ್ರಸಾರಕ್ಕೆ ಇನ್ನು ಒಂದೂವರೆ ಗಂಟೆ. ಅತಿಥಿಯ ಕುರ್ಚಿ ಹಲ್ಲು ಬಿದ್ದ ಬಾಯಿಯಂತೆ ಖಾಲಿ.

ನಿರ್ಮಾಪಕಿ ಮೇಡಂ ಸ್ಟುಡಿಯೋ ತುಂಬ ಕಣ್ಣಾಡಿಸಿ ಕೊನೆಗೆ ನಿರೂಪಕನ ಮುಖದ ಮೇಲೆ ದೃಷ್ಟಿ ನೆಟ್ಟರು. ಹನ್ನೊಂದು ವರ್ಷದಿಂದ ಇದೇ ಗಳಿಗೆಗೆ ಹೆದರಿಕೊಂಡಿದ್ದ ಆತ ಕಾಗದಗಳಲ್ಲಿ ತಲೆ ಹುದುಗಿಸಿದ.

“ನಿಮ್ಮ ತಂದೆಯವರನ್ನ ಕರೆಸೋಣ್ವಾ?”

ನಿರೂಪಕನನ್ನು ಊರೆಲ್ಲ ‘ಬೆಳಗಿನಣ್ಣ’ ಎನ್ನುತ್ತಿತ್ತು. ಮನೆಯಲ್ಲಿ ಮಾತ್ರ ಅವನಿಗೆ ಯಾವ ಬಿರುದೂ ಇರಲಿಲ್ಲ. ಅಜ್ಜ ರಂಗಭೂಮಿಯಲ್ಲಿ ಗುಡುಗಿದವರು. ಅಪ್ಪ ನಲವತ್ತು ವರ್ಷ ಸಿನಿಮಾದಲ್ಲಿ ರಾಜನಾಗಿ ಮೆರೆದು ‘ದೊರೆ’ ಎಂದೇ ಹೆಸರಾದವರು. ಅಕ್ಕನ ಚಿತ್ರ ಬಿಡುಗಡೆಯಾದ ದಿನ ರಸ್ತೆಯೇ ಬಂದ್. ಇವನೂ ಹತ್ತೊಂಬತ್ತನೇ ವಯಸ್ಸಿನಲ್ಲಿ ಬಣ್ಣ ಹಚ್ಚಿದ್ದ. ಅಪ್ಪನ ತೋಳಿನಲ್ಲಿ ಪ್ರಾಣ ಬಿಡುವ ಮಗನ ಪಾತ್ರ. ಒಂಬತ್ತು ಸಲ ಸತ್ತ. ಒಂಬತ್ತು ಸಲವೂ ಸತ್ತ ಮೇಲೆ ಸೀನಿದ. “ಇವನಿಗೆ ಸಾಯೋಕೂ ಬರಲ್ಲ” ಎಂದು ದೊರೆ ಎದ್ದು ಹೋದರು.

ಮಗ ಟೀವಿ ಸೇರಿದ. ಟೀವಿಯನ್ನು ಅಪ್ಪ ‘ಪೆಟ್ಟಿಗೆ’ ಎಂದೇ ಕರೆಯುತ್ತಿದ್ದರು. ಒಂದು ದಿನವಾದರೂ ತನ್ನ ಕಾರ್ಯಕ್ರಮ ನೋಡಿದ್ದಾರೋ ಇಲ್ಲವೋ ಎಂದು ಕೇಳುವ ಧೈರ್ಯ ಇವನಿಗೆ ಬಂದಿರಲಿಲ್ಲ. ಆದರೂ ದಿನವೂ ಕೊನೆಯಲ್ಲಿ ಕೈಮುಗಿಯುವಾಗ ಕ್ಯಾಮೆರಾದ ಗಾಜನ್ನು ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡುತ್ತಿದ್ದ. ಅದರಾಚೆ ಒಬ್ಬರು ಕೂತಿರಬಹುದು ಎಂಬ ಆಸೆ.

“ಅಪ್ಪ ಬರಲ್ಲ ಮೇಡಂ. ಹತ್ತು ಗಂಟೆಗೆ ಮುಂಚೆ ಏಳೋದೇ ಇಲ್ಲ.”

“ಆಗ್ಲೇ ಫೋನ್ ಮಾಡಿ ಎಬ್ಬಿಸಿದ್ದಾಯ್ತು. ಏನು ಮಾತಾಡ್ಬೇಕು ಅಂತ ಕೇಳಿದ್ರು, ಹೇಳಿದೆ. ಹೊರಟಿದಾರೆ.”

ಸುದ್ದಿ ಉಕ್ಕಿದ ಹಾಲಿನಂತೆ ಕಟ್ಟಡದ ತುಂಬ ಹರಿಯಿತು. ಮೇಕಪ್ ಅಕ್ಕ ಇವನ ಅರ್ಧ ಮುಖಕ್ಕೆ ಪೌಡರ್ ಹಚ್ಚಿ, ಇನ್ನರ್ಧವನ್ನು ದೇವರಿಗೆ ಬಿಟ್ಟು ಬಾಗಿಲಿಗೆ ಓಡಿದಳು. ಕ್ಯಾಮೆರಾಮನ್ ತನ್ನ ವೃತ್ತಿಜೀವನದಲ್ಲೇ ಮೊದಲ ಬಾರಿ ಲೆನ್ಸ್ ಒರೆಸಿದ.

“ಸಾರ್, ನಡುವೆ ಒಂಚೂರು ಅತ್ತುಬಿಡಿ. ಜನ ಚಾನೆಲ್ ಬದಲಾಯಿಸಲ್ಲ,” ಎಂದು ಬುದ್ಧಿವಾದ ಹೇಳಿದ.

“ನಂಗೆ ಅಳು ಬರಲ್ಲಪ್ಪ. ಬರೋದಿದ್ರೆ ಇಲ್ಲಿ ಯಾಕಿರ್ತಿದ್ದೆ?”

ದೊರೆ ಬಂದರು. ಬಂದವರೇ ದೀಪಗಳನ್ನು ನೋಡಿ, ನೇರವಾಗಿ ಹೋಗಿ ನಿರೂಪಕನ ಕುರ್ಚಿಯಲ್ಲಿ ಕೂತರು.

“ಅಪ್ಪ, ಅದು ನನ್ನ ಕುರ್ಚಿ.”

“ಇರ್ಲಿ ಬಿಡೋ. ಇಲ್ಲಿಂದ ನನ್ನ ಎಡಗೆನ್ನೆ ಚೆನ್ನಾಗಿ ಬರುತ್ತೆ.”

ಇವನ ಪಾಲಿಗೆ ಅತಿಥಿಯ ತಗ್ಗು ಕುರ್ಚಿ ಉಳಿಯಿತು. ಕೂತರೆ ಮಂಡಿ ಗಲ್ಲಕ್ಕೆ ತಾಗಿತು. ಹೆಡ್‌ಮಾಸ್ತರರ ಮುಂದೆ ಕೂರಿಸಿದ ಹುಡುಗನಂತಾದ. ಅಷ್ಟರಲ್ಲಿ ಕೆಂಪು ದೀಪ ಹತ್ತಿತು. ಗಾಬರಿಯಲ್ಲಿ ಕೈಯಲ್ಲಿದ್ದ ಕಾಗದವನ್ನೇ ಓದಿಬಿಟ್ಟ:

“ನಮಸ್ಕಾರ. ದಿನಕ್ಕೆ... ಎಷ್ಟು ಸಲ ಹಾಲು ಕೊಡಬೇಕು?”

“ಎರಡು ಸಲ,” ಎಂದರು ದೊರೆ, ಸಿಂಹಾಸನದಿಂದ ಅಪ್ಪಣೆ ಕೊಡುವವರ ಗತ್ತಿನಲ್ಲಿ.

“ಬೆಕ್ಕು ಬಿಡ್ರೀ!” ಕಿವಿಯ ಇಯರ್‌ಫೋನಿನಲ್ಲಿ ಮೇಡಂ ಕಿರುಚಿದರು. “ಅಪ್ಪ! ಅಪ್ಪ!”

ಇವನು ಕಾಗದ ಮಗುಚಿ ನೋಡಿದ; ಅಲ್ಲೂ ಬೆಕ್ಕೇ. ಆಗ ದೊರೆ ಕ್ಯಾಮೆರಾದಿಂದ ಮುಖ ತಿರುಗಿಸಿ ಮಗನನ್ನು ನೋಡಿದರು.

“ದಿನಾ ಬೆಳಿಗ್ಗೆ ನಿನ್ನನ್ನ ನೋಡ್ತೀನಿ ಕಣೋ. ಮುಂದಿಟ್ಟ ಕಾಫಿ ಆರಿಹೋಗುತ್ತೆ, ಗೊತ್ತಾಗಲ್ಲ. ಹೇಳ್ಬೇಕು ಅಂತ ಎಷ್ಟೋ ಸಲ ಅನ್ಕೊಂಡೆ. ಈ ಹಾಳು ಬಿಗುಮಾನ ಬಿಡ್ಲಿಲ್ಲ.”

ಬೆಳಗಿನಣ್ಣನ ಎದೆಯಲ್ಲಿ ವರ್ಷಗಳಿಂದ ತುಕ್ಕು ಹಿಡಿದಿದ್ದ ಬೀಗವೊಂದು ಕಳಚಿಬಿತ್ತು.

“ಅಪ್ಪ,” ಎಂದ, ದನಿ ಒಡೆಯಿತು. “ನಾನು ದಿನಾ ಯಾರಿಗೆ ನಮಸ್ಕಾರ ಹೇಳ್ತಿದ್ದೆ ಅನ್ಕೊಂಡ್ರಿ? ಲಕ್ಷ ಜನ ನೋಡ್ತಾರೆ ಅಂತಾರೆ. ನಂಗೆ ಅದೆಲ್ಲ ಬೇಡವಾಗಿತ್ತು. ನೀವೊಬ್ರು ನೋಡಿದ್ರೆ ಸಾಕಾಗಿತ್ತು.”

ಆಮೇಲೆ ಅತ್ತ. ಮೂಗು ಸೋರಿ, ಅರ್ಧ ಮುಖದ ಪೌಡರ್ ಕಾಲುವೆಯಾಗಿ ಹರಿಯಿತು. ದೊರೆ ಎದ್ದು ಬಂದು ಅವನನ್ನು ಎದೆಗೆ ಅವಚಿಕೊಂಡರು. ಮೇಕಪ್ ಅಕ್ಕ ಬಿಕ್ಕಿದಳು. ಕ್ಯಾಮೆರಾವೇ ಕುಲುಕಾಡುತ್ತಿತ್ತು.

ಕೆಂಪು ದೀಪ ಆರಿತು. ದೊರೆ ತೋಳು ಸಡಿಲಿಸಿ, ಕೋಟಿಗೆ ಅಂಟಿದ ಪೌಡರನ್ನು ಕೊಡವಿಕೊಂಡರು.

“ಮೇಡಂ, ಮಾತು ಚೆನ್ನಾಗಿ ಬರೆದು ಕಳಿಸಿದ್ರಿ. ಕಾರಲ್ಲಿ ಎರಡೇ ಸಲ ಓದಿಕೊಂಡೆ. ಆ ಕಾಫಿ ಅನ್ನೋ ಕಡೆ ಇನ್ನೊಂಚೂರು ತಡೀಬೇಕಿತ್ತು, ಅಲ್ವಾ?”

ಮೇಡಂ ನೆಲ ನೋಡಿದರು. ಬೆಳಗಿನಣ್ಣನ ಕಣ್ಣೀರು ಕೆನ್ನೆಯ ಮೇಲೆ ಅರ್ಧದಾರಿಯಲ್ಲೇ ನಿಂತಿತು.

ದೊರೆ ಮಗನತ್ತ ತಿರುಗಿದರು. ಹುಟ್ಟಿದಾಗಿನಿಂದ ಅವರು ಅವನನ್ನು ಹಾಗೆ ನೋಡಿದ್ದಿಲ್ಲ, ಅಷ್ಟು ಬೆರಗಿನಿಂದ.

“ನಿನ್ನ ಮಾತು ಯಾರು ಬರೆದಿದ್ದೋ?”

“ಯಾರೂ ಇಲ್ಲ ಅಪ್ಪ. ಅದು... ನಂದೇ.”

“ಸ್ವಂತದ್ದಾ? ಗ್ಲಿಸರಿನ್ನೂ ಇಲ್ದೆ ಅಷ್ಟು ನೀರಾ?” ದೊರೆ ಅವನ ಎರಡೂ ಭುಜ ಹಿಡಿದು ಅಲುಗಿಸಿದರು. “ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆಯೋ! ಏನು ನಟನೆ! ನಂಗೇ ಒಂದು ಗಳಿಗೆ ನಿಜ ಅನ್ನಿಸಿಬಿಡ್ತು!”

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನಿಜವನ್ನು ಹೇಳಲು ಬೆಳಗಿನಣ್ಣ ಬಾಯಿ ತೆರೆದ. ಎದುರಿಗೆ ಅಪ್ಪನ ಮುಖ ಹೆಮ್ಮೆಯಿಂದ ಬೆಳಗುತ್ತಿತ್ತು; ಭುಜದ ಮೇಲೆ ಆ ಎರಡು ಕೈಗಳು ಇನ್ನೂ ಹಾಗೇ ಇದ್ದವು.

“ಎಲ್ಲಾ ನಿಮ್ಮಿಂದ ಕಲಿತಿದ್ದು ಅಪ್ಪ,” ಎಂದು ನಕ್ಕ.