ಅಕ್ಕನಿಗೆ ಕಾರ್ಬೋಹೈಡ್ರೇಟ್ ಪಾಠ ಮಾಡಿದ್ದು

ಪ್ರಶ್ನೆಯನ್ನೇ ಕೇಳದ ಮಕ್ಕಳ ಮುಂದೆ ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ತನಗೆ ಎಲ್ಲವೂ ತಿಳಿದಿದೆ ಎಂಬ ಭ್ರಮೆ ಅಂಟಿಕೊಳ್ಳುತ್ತದೆ. ಶಹಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವ ನನಗೂ ಅಂಟಿತ್ತು. ಅದನ್ನು ಬಿಡಿಸಿದವಳು ನನ್ನ ಅಕ್ಕ ಶಾಂತಮ್ಮ. ಸುರಪುರದ ಕಡೆಯ ಹಳ್ಳಿಯಲ್ಲಿ ಹೊಲದ ಕೆಲಸ ಮಾಡುವವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಯಾದಗಿರಿಯ ಡಾಕ್ಟರರು ಅವಳಿಗೆ ಸಕ್ಕರೆ ಕಾಯಿಲೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಅವರು ಹೇಳಿದ ಪಥ್ಯ ಸರಿಯಾಗಿ ತಿಳಿಯಲಿಲ್ಲವೆಂದು ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದಳು. ನಾನಿಲ್ಲವೇ ಎಂದೆ.

ಸಕ್ಕರೆ, ಬೆಲ್ಲ ಬಿಡು, ರೊಟ್ಟಿ ಹಿತಮಿತವಾಗಿ ತಿನ್ನು ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ದ್ರಾಕ್ಷಿ, ಜೇನುತುಪ್ಪದ ಗ್ಲೂಕೋಸ್, ಫ್ರಕ್ಟೋಸ್ ಒಂಟಿ ಸಕ್ಕರೆಗಳು. ಕಬ್ಬಿನ ಸುಕ್ರೋಸ್, ಹಾಲಿನ ಲ್ಯಾಕ್ಟೋಸ್ ಜೋಡಿ ಸಕ್ಕರೆಗಳು. ಜೋಳ, ಅಕ್ಕಿ, ಆಲೂಗಡ್ಡೆಯ ಪಿಷ್ಟವೂ ಹತ್ತಿ, ಕಟ್ಟಿಗೆಯ ಸೆಲ್ಯುಲೋಸೂ ಸಕ್ಕರೆಯ ಉದ್ದನೆಯ ಸರಪಳಿಗಳು. ಓದಿ ಹೇಳಿದೆ. ಅಕ್ಕ ಗಮನವಿಟ್ಟು ಕೇಳಿದಳು. ಅಲ್ಲಿಗೇ ನನ್ನ ನೆಮ್ಮದಿ ಹೋಯಿತು.

ಹತ್ತಿಯೂ ಸಕ್ಕರೆಯಾದರೆ ಸಿಹಿ ಯಾಕಿಲ್ಲ ಎಂದಳು. ಸರಪಳಿಯಾದ ಮೇಲೆ ಸಿಹಿ ಇರುವುದಿಲ್ಲ, ಅದು ನಮಗೆ ಅರಗುವುದೂ ಇಲ್ಲ, ದನಕ್ಕೆ ಮಾತ್ರ ಅರಗುತ್ತದೆ ಎಂದೆ.

"ಹಂಗಾದ್ರ ಎತ್ತಿಗ್ಯಾಕ ಶುಗರ್ ಬರಂಗಿಲ್ಲ, ತಮ್ಮಾ?"

ಇಷ್ಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. ತಲೆ ಕೆಟ್ಟು, "ಪಟ್ಟಿಯಾಗ ಇದ್ದದ್ದೆಲ್ಲಾ ಸಕ್ಕರಿನೇ ಅಕ್ಕಾ, ಅಷ್ಟು ತಿಳ್ಕೊ ಸಾಕು" ಎಂದು ಗದರಿ ಕಾಲೇಜಿಗೆ ಹೊರಟುಬಿಟ್ಟೆ.

ಮರುದಿನ ಎರಡನೆಯ ಪೀರಿಯಡ್ಡಿನಲ್ಲಿ ಹೆಂಡತಿಯ ಫೋನು ಬಂತು. ಅಕ್ಕ ಬೆವೆತು ನಡುಗುತ್ತ ಕುಸಿದು ಕೂತಿದ್ದಾಳೆ, ಬೇಗ ಬರಬೇಕು ಎಂದಳು. ಬೈಕು ಹೇಗೆ ಓಡಿಸಿದೆನೋ ನೆನಪಿಲ್ಲ. ನಾನು ಮನೆ ಮುಟ್ಟುವಷ್ಟರಲ್ಲಿ ಹೆಂಡತಿ ನೀರಿಗೆ ಸಕ್ಕರೆ ಕದಡಿ ಕುಡಿಸಿದ್ದಳು. ಅಕ್ಕ ಗೋಡೆಗೆ ಒರಗಿ ಚೇತರಿಸಿಕೊಳ್ಳುತ್ತಿದ್ದಳು. ಹಿಂದಿನ ಮಧ್ಯಾಹ್ನದಿಂದ ರೊಟ್ಟಿ, ಅನ್ನ, ಹಾಲು ಯಾವುದನ್ನೂ ಮುಟ್ಟದೆ, ಬರೀ ಸೊಪ್ಪಿನ ಪಲ್ಯ ತಿಂದು ಮಾತ್ರೆ ಮಾತ್ರ ತಪ್ಪದೆ ನುಂಗಿದ್ದಳು.

"ನೀನೇ ಹೇಳಿದ್ದಿ, ಜ್ವಾಳನೂ ಸಕ್ಕರಿ ಅಂತ" ಎಂದಳು ಮೆಲ್ಲಗೆ.

ಚಿಕ್ಕವನಿದ್ದಾಗ ನನ್ನನ್ನು ಎತ್ತಿ ಆಡಿಸಿದ ಕೈ ಹಿಡಿದು ಅವಳ ಪಕ್ಕದಲ್ಲೇ ಕುಳಿತೆ.

ಆ ಮಧ್ಯಾಹ್ನವೇ ಯಾದಗಿರಿಗೆ ಕರೆದೊಯ್ದೆ. ಡಾಕ್ಟರರು ಪರೀಕ್ಷಿಸಿ, ರೊಟ್ಟಿ, ಅನ್ನ ತಿನ್ನದೆ ಮಾತ್ರೆ ನುಂಗಿದ್ದಕ್ಕೇ ಹೀಗಾಯಿತು ಎಂದರು. ರೊಟ್ಟಿ ಬಿಡಲು ಹೇಳಿದವರು ಯಾರು ಎಂದು ಸಿಟ್ಟಿನಿಂದ ಕೇಳಿದರು. ಅಕ್ಕ ನನ್ನ ಕಡೆ ಒಮ್ಮೆ ನೋಡಿ, ತನಗೇ ತಿಳಿಯಲಿಲ್ಲ ಎಂದುಬಿಟ್ಟಳು. ಡಾಕ್ಟರರು ನನ್ನತ್ತ ತಿರುಗಿದರು.

"ಓದಿದವರು ನೀವು ತಿಳಿಸಿ ಹೇಳ್ಬೇಕಲ್ರಿ. ಏನ್ ಕೆಲಸ ಮಾಡ್ತೀರಿ?"

"ಕಾಲೇಜಿನಾಗ ಗುಮಾಸ್ತ ಅದೀನ್ರಿ" ಎಂದೆ.