ಮಾಮಾ ಮತ್ತು ಕಣ್ಣಿಗೆ ಕಾಣದ ವೈರು

ನಮ್ಮ ಮಾಮಾನನ್ನು ದಾರವಿಲ್ಲದೆ ನೋಡಿದ್ದೇನೆ ಎಂದು ಬಸವಕಲ್ಯಾಣದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಅವರು ನೋಡಿದ್ದು ಬೇರೆ ಯಾರನ್ನೋ! ಮಾಮಾನ ಕನ್ನಡಕಕ್ಕೆ ದಾರ, ಪೆನ್ನಿಗೆ ದಾರ, ಬಟ್ಟೆ ಅಂಗಡಿಯ ಕತ್ತರಿಗೆ ದಾರ, ನೀರಿನ ಕೊಡದ ಮೇಲಿನ ಲೋಟಕ್ಕೆ ಸರಪಳಿ. “ಕಟ್ಟಲಾರದ್ದು ಓಡಿಹೋಗ್ತದ” ಎಂಬುದು ಅವರ ಸಿದ್ಧಾಂತ. ಲೋಟ ಎಲ್ಲಿಗೆ ಓಡೀತು ಸ್ವಾಮಿ? ಕೇಳಬಾರದು. ಕೇಳಿದವರಿಗೆ ಆ ಲೋಟದಲ್ಲಿ ನೀರು ಸಿಗುತ್ತಿರಲಿಲ್ಲ.

ಒಮ್ಮೆ ನನ್ನನ್ನು ನೋಡಲು ಹುಮನಾಬಾದಿಗೆ ಬಂದರು. ನಾನಾಗ ಅಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದರೆ ಕಂಡದ್ದೇನು? ಮಾಮಾ ಬಸ್ಸಿನಿಂದ ಇಳಿದಿದ್ದಾರೆ, ಅವರ ಮಣಿಕಟ್ಟಿಗೆ ಕಟ್ಟಿದ್ದ ಛತ್ರಿ ಇಳಿದಿಲ್ಲ! ಅದು ಒಳಗೆ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಕಂಡಕ್ಟರ್ ಸೀಟಿ ಊದಿಯೇ ಬಿಟ್ಟ. ಬಸ್ಸಿನ ಜೊತೆ ಮಾಮಾ ಓಡುತ್ತಿದ್ದಾರೆ, ಮಾಮಾನ ಹಿಂದೆ ನಾನು.

“ಏನ್ರಿ ಯಜಮಾನ್ರ, ಇಳದ್ರೋ ಇಲ್ಲೋ?”

“ನಾ ಇಳದೀನಿ, ಛತ್ರಿ ಇಳದಿಲ್ಲ! ನಿಲ್ಸೋ ಮಾರಾಯಾ!”

ಬಸ್ಸು ನಿಂತು ಛತ್ರಿ ಕೈಸೇರಿದ ಮೇಲೆ, ಏದುಸಿರು ಬಿಡುತ್ತಾ ನನಗೇ ಪಾಠ ಹೇಳಿದರು: “ನೋಡಿದಿ? ಕಟ್ಟಿದ್ದಕ್ಕ ಉಳೀತು. ಇಲ್ಲಾಂದ್ರ ಇಷ್ಟೊತ್ತಿಗಿ ಚಿಟಗುಪ್ಪಾ ಮುಟ್ಟತಿತ್ತು!”

ಇಂಥವರ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ಪಡಸಾಲೆಯಲ್ಲಿ ಮಾಮಾನ ಕಂಪ್ಯೂಟರ್, ಮಹಡಿಯಲ್ಲಿ ಮಗಳದು. ಎರಡಕ್ಕೂ ಇಂಟರ್ನೆಟ್ ಬರುವಂತೆ ಮಾಡಿಕೊಡು ಎಂದು ನನಗೆ ಫೋನ್ ಮಾಡಿದರು. ಅದೇನು ಮಹಾ ಕೆಲಸ? ವೈರ್‌ಲೆಸ್ ಡಬ್ಬಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಊಟದ ಹೊತ್ತಿಗೆ ಮುಗಿಸಿ, ಮಾಮಿಯ ಕೈಯ ಜೋಳದ ರೊಟ್ಟಿ ತಿಂದು ಮರಳಬಹುದೆಂದು ಎಣಿಸಿದ್ದೆ. ಎಂಥ ಮೂರ್ಖ ನಾನು!

“ಇದಕ್ಕ ವೈರ್ ಎಲ್ಲದ?” ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಮ್ಯಾಲಿನ ಕಂಪ್ಯೂಟರಿಗಿ ವೈರ್ ಬೇಕಾಗಿಲ್ರಿ ಮಾಮಾ. ಗಾಳಿ ಒಳಗ ಹೋಗ್ತದ.”

“ಗಾಳಿ ಒಳಗ ಎಲ್ಲಿಗಿ ಹೋಗ್ತದ?”

“ಎಲ್ಲಾ ಕಡಿ ಹೋಗ್ತದ್ರಿ.”

“ಎಲ್ಲಾ ಕಡಿ ತಿರಗೂದು ಒಂದ್ ಕಡಿ ನೆಟ್ಟಗ ನಿಲ್ಲಲ್ಲ. ಬಿಲ್ಕುಲ್ ಭರೋಸಾ ಇಲ್ಲ.”

ಬಾಯಿಮಾತು ಬೇಡವೆಂದು ಡಬ್ಬಿಯನ್ನು ಜೋಡಿಸಿಯೇ ತೋರಿಸಿದೆ. ಮಹಡಿಯಿಂದ ಮಗಳು “ಬಂತು!” ಎಂದು ಕೂಗಿದಳು. ಮಾಮಾ ಪಡಸಾಲೆಯ ಬಾಗಿಲು ಮುಚ್ಚಿದರು. “ಬರಾಕತ್ತದ!” ಕಿಟಕಿ ಮುಚ್ಚಿದರು. “ಇನ್ನೂ ಬರಾಕತ್ತದ!” ಕೊನೆಗೆ ಡಬ್ಬಿಯನ್ನು ಎತ್ತಿ ಕಬ್ಬಿಣದ ಕಪಾಟಿನಲ್ಲಿ ಮಾಮಿಯ ರೇಷ್ಮೆ ಸೀರೆಗಳ ನಡುವೆ ತುರುಕಿ, ಅದರ ಕರೆಂಟಿನ ವೈರು ಹಿಡಿಯುವಷ್ಟು ಸಂದಿ ಬಿಟ್ಟು ಬಾಗಿಲು ಒತ್ತಿ ಹಿಡಿದರು.

“ಹೋಯ್ತು!” ಎಂದಳು ಮಗಳು.

ಮಾಮಾನ ಮುಖದಲ್ಲಿ ಕುಸ್ತಿ ಗೆದ್ದವನ ಕಳೆ! “ನೋಡು, ನಿನ್ನ ವೈರ್‌ಲೆಸ್ ಕಪಾಟಿಗಿ ಹೆದರ್ತದ!”

“ಅದನ್ನ ಕಪಾಟಿನಾಗ ಯಾರ್ ಇಡ್ತಾರ್ರಿ?”

“ಮತ್ತ? ಕಿಮ್ಮತ್ತಿನ ಸಾಮಾನ ಬಚ್ಚಲದಾಗ ಇಡ್ತಾರೇನು?”

ಸೋತು, ವೈರೇ ಎಳೆಯುತ್ತೇನೆಂದು ಒಪ್ಪಿಕೊಂಡೆ. ಮರುದಿನ ವೈರು ಕೊಳ್ಳಲು ಇಬ್ಬರೂ ಹುಮನಾಬಾದಿಗೆ ಹೊರಟೆವು. ಮಹಡಿಗೆ ಎಷ್ಟು ಸಾಕೆಂದು ನಾನು ಅಳೆದು ಹೇಳಿದರೆ, ಮಾಮಾ ಇಡೀ ಸುರುಳಿಯನ್ನೇ ಕಟ್ಟಿಸಿದರು. ಚೀಲದಲ್ಲಿ ಹಿಡಿಯದ್ದಕ್ಕೆ ಹಾರದಂತೆ ಕೊರಳಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಪಕ್ಕದ ಸೀಟಿನ ಮುದುಕರೊಬ್ಬರು ಕಣ್ಣು ಕಿರಿದು ಮಾಡಿ ಕೇಳಿದರು: “ಸತ್ಕಾರ ಎಲ್ಲಿ ಇತ್ರಿ?” ನಾನು ಕಿಟಕಿಯ ಕಡೆ ತಿರುಗಿ ತೊಗರಿ ಹೊಲಗಳನ್ನು ಎಂದೂ ನೋಡದವನಂತೆ ನೋಡುತ್ತಾ ಕೂತೆ.

ಮಹಡಿಗೆ ವೈರು ಎಳೆದೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಮಾಮಿ ಅದರ ಮೇಲೆ ಒದ್ದೆ ಸೀರೆ ಒಣಹಾಕಿದ್ದರು! “ಇದು ಸೀರಿ ಒಣಗಿಸೋ ಹಗ್ಗ ಅಲ್ರಿ ಮಾಮಿ” ಎಂದರೆ, “ಕಟ್ಟಿದ ಮ್ಯಾಲ ಒಂದೀಟು ಉಪಯೋಗ ಆಗ್ಲಿ ಬಿಡಪ್ಪಾ” ಎಂದರು. ಗಂಡನಿಗೆ ತಕ್ಕ ಹೆಂಡತಿ! ನನಗಂತೂ ರೊಟ್ಟಿಯೂ ಬೇಡ, ಏನೂ ಬೇಡ, ಹೊರಟರೆ ಸಾಕಾಗಿತ್ತು.

“ಇನ್ನೂ ಮುಗದಿಲ್ಲ” ಎಂದರು ಮಾಮಾ. ಉಳಿದ ಸುರುಳಿಯನ್ನು ಹೆಗಲಿಗೆ ಹಾಕಿ ಹಿತ್ತಲಿಗೆ ಕರೆದೊಯ್ದರು.

ಹಿತ್ತಲಿನ ನಡುವೆ ಒಂದು ಗೋಡೆ. ಆಚೆ ದೊಡ್ಡ ಮಾಮಾನ ಮನೆ, ಅಂದರೆ ಇವರ ಸ್ವಂತ ಅಣ್ಣನದು. ಮನೆ ಪಾಲಾಗುವಾಗ ಬಾವಿ ಯಾರಿಗೆ ಎಂಬ ಮಾತಿಗೆ ಜಗಳ ಹತ್ತಿ, ದೊಡ್ಡ ಮಾಮಾ ಆ ಗೋಡೆ ಕಟ್ಟಿಸಿದ್ದರು. ಬಾವಿ ಬತ್ತಿತು, ಜಗಳ ಬತ್ತಲಿಲ್ಲ. ಅಣ್ಣ ತಮ್ಮ ಮಾತುಬಿಟ್ಟು ವರ್ಷಗಳೇ ಆಗಿದ್ದವು. ಊರಿಗೆ ಹೋದಾಗಲೆಲ್ಲ ಎರಡೂ ಮನೆಗಳಲ್ಲಿ ಉಂಡು ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದವನು ನಾನೊಬ್ಬನೇ.

“ಅಣ್ಣನ ಮಗಳು ಎಂ.ಎ. ಓದಾಕತ್ತಾಳ” ಎಂದರು ಮಾಮಾ, ಗೋಡೆಯನ್ನು ನೋಡುತ್ತಾ. “ಮನ್ಯಾಗ ಕಂಪ್ಯೂಟರ್ ಅದ, ಇಂಟರ್ನೆಟ್ ಇಲ್ಲ. ದಿನಾ ನನ್ನ ಅಂಗಡಿ ಮುಂದ ಹಾದು ಬಿಸಿಲಾಗ ಸೈಬರ್ ಸೆಂಟರಿಗಿ ಹೋಗ್ತಾಳ. ನಾ ನೋಡ್ಕೋತ ಕುಂದರ್ತೀನಿ.”

ನನಗೆ ಸಿಟ್ಟೇ ಬಂತು. “ಅಯ್ಯೋ ಮಾಮಾ, ಇದನ್ನ ಮೊದಲ ಹೇಳಬಾರದೇನ್ರಿ? ವೈರ್‌ಲೆಸ್ ಇಟ್ಟಿದ್ರ ತಾನ ಗೋಡಿ ದಾಟಿ ಹೋಗ್ತಿತ್ತು. ಪಾಸ್‌ವರ್ಡ್ ನಾ ಹೇಳಿ ಬರ್ತಿದ್ದೆ. ನಿಮಗ ಯಾರ ಕೂಡಾನೂ ಮಾತಾಡೋ ಗರಜೇ ಇರ್ತಿರಲಿಲ್ಲ!”

“ಅದಕ್ಕೇ ಬ್ಯಾಡಂದೆ” ಎಂದರು ಮಾಮಾ. ಅವರ ದನಿ ಇಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. “ವೈರ್ ಹಾಕಬೇಕಂದ್ರ ಗೋಡಿಗಿ ತೂತು ಹೊಡೀಬೇಕು. ಗೋಡಿ ಅಂವ ಕಟ್ಟಿಸಿದ್ದು. ಕೇಳಾಕ ನಾ ಹೋಗಲೇಬೇಕಲ್ಲ?”

ಬೀದಿ ಸುತ್ತಿ ಮುಂಬಾಗಿಲಿಗೆ ಹೋದೆವು. ದೊಡ್ಡ ಮಾಮಾ ಕಟ್ಟೆಯ ಮೇಲೆ ಕೂತಿದ್ದರು. ತಮ್ಮನನ್ನು ಕಂಡು ಅರ್ಧ ಎದ್ದರು, ಮತ್ತೆ ಕೂತರು.

“ಅಣ್ಣಾ” ಎಂದರು ಮಾಮಾ. ಹೆಗಲ ಮೇಲಿನ ಸುರುಳಿಯನ್ನು ಕೆಳಗಿಳಿಸಿದರು. “ಗೋಡಿಗಿ ಒಂದ್ ಸಣ್ಣ ತೂತು ಬೇಕಾಗ್ಯಾದ. ಹುಡುಗಿಗಿ ಇಂಟರ್ನೆಟ್ ಸಲುವಾಗಿ.”

ದೊಡ್ಡ ಮಾಮಾ ಸುರುಳಿಯನ್ನು ನೋಡಿದರು, ತಮ್ಮನ ಮುಖ ನೋಡಿದರು. “ಎಲ್ಲಿ ಹೊಡೀತಿ?”

“ಬೇವಿನ ಗಿಡದ ಬಾಜೂಕ.”

“ಅಲ್ಲಿ ಬ್ಯಾಡ. ಮಳಿ ನೀರು ಇಳೀತದ. ನಿನಗ ಮೊದಲಿಂದಾನೂ ಬುದ್ಧಿ ಇಲ್ಲ. ಒಳಗ ಬಾ, ತೋರಿಸ್ತೀನಿ.”

“ನೀ ಕಟ್ಟಿಸಿದ್ದೇ ಸೊಟ್ಟ ಗೋಡಿ, ನೀರು ಇಳೀಲಾರದ ಏನ್ ಮಾಡೀತು?”

ಒಳಗೆ ಹೋದವರು ಹಿತ್ತಲಲ್ಲಿ ನಿಂತು ಜಗಳ ಆರಂಭಿಸಿದರು. ಅಲ್ಲಿ ಬೇಡ, ಇಲ್ಲಿ. ಮೇಲೆ ಬೇಡ, ಕೆಳಗೆ. ಡ್ರಿಲ್ ತರಲೆಂದು ನಾನು ಈಚೆ ಮನೆಗೆ ಓಡಿ ಬಂದೆ.

ಗೋಡೆಯ ಈಚೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾಮಿ ಕೂತಿದ್ದರು. ಆಚೆಯಿಂದ ಅಣ್ಣ ತಮ್ಮಂದಿರ ದನಿ ಒಂದರ ಮೇಲೊಂದು ಏರುತ್ತಿತ್ತು. ನಾನು ಡ್ರಿಲ್ ಎತ್ತಿಕೊಂಡು ಹೊರಟೆ. ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು ಕೂಡಿಸಿದರು.

“ಸ್ವಲ್ಪ ತಡಿಯಪ್ಪಾ” ಎಂದರು. “ಇನ್ನಾ ಒಂದೀಟು ಜಗಳಾಡ್ಲಿ.”