ಇಳಿಜಾರಿಗೆ ವರ್ಗವಾದ ಲಾನ್

ಹೊಂಗಡಹಳ್ಳದ ರಸ್ತೆಯಲ್ಲಿರುವ ಸರ್ಕಾರಿ ಅತಿಥಿಗೃಹದ ಲಾನ್ ೧೯೯೮ನೇ ಇಸವಿಯಿಂದ ಭದ್ರಮ್ಮನ ಗದ್ದೆಯಲ್ಲಿದೆ. ಈ ಬಗ್ಗೆ ಯಾರ ತಕರಾರೂ ಇಲ್ಲ.

ಮೊದಲು ಅದು ಗುಡ್ಡದ ಮೇಲೆ, ಅತಿಥಿಗೃಹದ ಎದುರಿಗೇ ಇತ್ತು. ಆ ವರ್ಷ ಮಾಲಿ ಗುಂಡಯ್ಯನಿಗೆ ಒಂದು ಸುತ್ತೋಲೆ ಬಂತು: 'ಬೆಚ್ಚನೆಯ ಪ್ರದೇಶಗಳ ಹುಲ್ಲಿಗೆ ಜುಲೈ ಮಾಹೆಯಲ್ಲಿ ಹಸಿವು ಹೆಚ್ಚು. ವಾರಕ್ಕೊಮ್ಮೆ ಯೂರಿಯಾ ಎರಚತಕ್ಕದ್ದು. ಎರಚಿದ ಕೂಡಲೇ ನೀರು ಹಾಯಿಸತಕ್ಕದ್ದು.' ಬರೆದವರು ಜುಲೈನಲ್ಲಿ ಸಕಲೇಶಪುರದ ಕಡೆ ತಲೆ ಹಾಕಿದವರಲ್ಲ. ಗುಂಡಯ್ಯ ಮಾತ್ರ ನಿಯಮ ಮೀರುವವನಲ್ಲ. ಧೋ ಎಂದು ಸುರಿಯುವ ಮಳೆಯಲ್ಲಿ ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಪೈಪು ಹಿಡಿದು ಲಾನಿಗೆ ನೀರು ಬಿಟ್ಟ.

ಯೂರಿಯಾ ಅಷ್ಟೂ ಕರಗಿ ಕೆಳಗಿನ ಗದ್ದೆಗೆ ಇಳಿಯಿತು. ಲಾನ್ ಸೊರಗಿತು. ಮೇಲಧಿಕಾರಿ ಚಂದ್ರಶೇಖರ ಬಂದು ನೋಡಿ, ಗೊಬ್ಬರ ಸಾಲದೆಂದು ತೀರ್ಮಾನಿಸಿ, ಎರಡರಷ್ಟು ಮಂಜೂರು ಮಾಡಿದರು. ಗೊಬ್ಬರದ ಅಂಗಡಿ ಅವರ ಭಾವಮೈದುನನದು.

ಒಂಟಿಯಾಗಿ ಗೇಯ್ದು ಉಣ್ಣುತ್ತಿದ್ದ ಭದ್ರಮ್ಮನಿಗೆ ಮೊದಮೊದಲು ಹಿಗ್ಗೋ ಹಿಗ್ಗು. ಪೈರು ಎದೆಯುದ್ದ ಎದ್ದು ಕಪ್ಪುಹಸಿರಿಗೆ ತಿರುಗಿತ್ತು. ಆದರೆ ತೆನೆ ಬರುವ ಕಾಲಕ್ಕೂ ಬರೀ ಗರಿ. ಗದ್ದೆಯೆಲ್ಲ ಹುಡುಕಿದರೂ ತೆನೆಯ ಸುಳಿವಿಲ್ಲ. ವರ್ಷದ ಕೂಳು ಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡ್ಡ ಹತ್ತಿದಳು.

"ಗುಂಡಯ್ಯ, ನಿನ್ನ ಗೊಬ್ಬರ ನನ್ನ ಗದ್ದೆ ಹಾಳು ಮಾಡ್ಬುಡ್ತು ಕಣೋ! ನಾನೇನು ಹುಲ್ಲು ತಿನ್ಲಾ?"

"ನಾನೇನು ಮಾಡ್ಲಿ ಅಕ್ಕಾ? ಸಾಹೇಬ್ರು ಒಳಗವ್ರೆ, ಅವ್ರನ್ನೇ ಕೇಳು."

ಚಂದ್ರಶೇಖರ ಗಾಬರಿಯಲ್ಲಿದ್ದರು. ಬೆಂಗಳೂರಿನಿಂದ ದೊಡ್ಡ ಸಾಹೇಬರು ಲಾನ್ ತಪಾಸಣೆಗೆ ಬರುವವರಿದ್ದರು. ತೋರಿಸಲು ಮೇಲೆ ಕೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಭದ್ರಮ್ಮ ಬೊಟ್ಟು ಮಾಡಿದ ಕಡೆ ಬಗ್ಗಿ ನೋಡಿದರು. ಅವರ ಮುಖ ಅರಳಿತು.

"ಹುಲ್ಲು ಅಂದಿರಲ್ಲವೇ ಭದ್ರಮ್ಮನವರೇ?"

"ಹುಲ್ಲೇ ಸ್ವಾಮಿ. ಒಂದು ಕಾಳಿಲ್ಲ."

"ಸರ್ಕಾರಿ ಗೊಬ್ಬರ ತಿಂದ ಹುಲ್ಲು ಸರ್ಕಾರಿ ಹುಲ್ಲು. ಲಾನ್ ಸತ್ತಿಲ್ಲ, ಸ್ಥಳ ಬದಲಿಸಿದೆ, ಅಷ್ಟೆ."

"ನನ್ನ ಗದ್ದೆ ಸ್ವಾಮಿ ಅದು!"

"ಗದ್ದೆ ನಿಮ್ಮದೇ. ಅದನ್ನು ಯಾರು ಕೇಳಿದರು? ಅದರ ಮೇಲಿನ ಹುಲ್ಲು ಮಾತ್ರ ನಮ್ಮದು."

ಮರುದಿನವೇ ಬದುವಿನ ಮೇಲೆ ಫಲಕ ನಿಂತಿತು: 'ಹುಲ್ಲಿನ ಮೇಲೆ ನಡೆಯಬಾರದು. ಗದ್ದೆಯ ಮಾಲೀಕರಿಗೆ ಭಾನುವಾರ ಸಂಜೆ ಮಾತ್ರ ಪ್ರವೇಶ.' ಪೈರನ್ನು ಎರಡಂಗುಲಕ್ಕೆ ಕತ್ತರಿಸಲು ಹೇಳಿದಾಗ ಗುಂಡಯ್ಯ ಕೈ ಚೆಲ್ಲಿದ. ಕೆಸರಿನಲ್ಲಿ ಮೆಷಿನ್ನು ಮುಳುಗಿತ್ತು. ಕುಡುಗೋಲು ಹಿಡಿಯಬಲ್ಲವರು ಬೇಕಾದರು. ದಿನಗೂಲಿಯ ಉಪಮಾಲಿಯಾಗಿ ಭದ್ರಮ್ಮನೇ ನೇಮಕವಾದಳು. ತನ್ನ ಪೈರನ್ನು ತಾನೇ ಎಳಸಾಗಿ ಕೊಯ್ಯುವಾಗ ಕಣ್ಣಲ್ಲಿ ನೀರು ಬಂತು. ಉಪಮಾಲಿಗಳು ಕರ್ತವ್ಯದ ವೇಳೆಯಲ್ಲಿ ಅಳುವ ಬಗ್ಗೆ ನಿಯಮದಲ್ಲಿ ಏನೂ ಹೇಳಿರಲಿಲ್ಲವಾಗಿ ಯಾರೂ ಆಕ್ಷೇಪಿಸಲಿಲ್ಲ.

ದೊಡ್ಡ ಸಾಹೇಬರು ಬಂದರು, ಲಾನಿಗೆ ಕಾಲಿಟ್ಟರು, ಮೊಣಕಾಲವರೆಗೆ ಹೂತುಹೋದರು.

"ಬಹಳ ಮೆತ್ತಗಿದೆ," ಎಂದರು ಗಂಭೀರವಾಗಿ.

"ಇದು ಮಲೆನಾಡಿನ ವಿಶೇಷ ಸಾರ್," ಎಂದರು ಚಂದ್ರಶೇಖರ.

ಇಬ್ಬರು ಎಳೆದು ಮೇಲೆತ್ತಿದರು. ಒಂದು ಶೂ ಲಾನಿನಲ್ಲೇ ಉಳಿಯಿತು. ಅತ್ಯುತ್ತಮ ಲಾನ್ ಪ್ರಶಸ್ತಿ ಬಂತು, ಚಂದ್ರಶೇಖರರಿಗೆ ಬಡ್ತಿಯೂ ಬಂತು. ಭದ್ರಮ್ಮ ಕೂಲಿಯ ದುಡ್ಡಲ್ಲಿ ಸಕಲೇಶಪುರದಿಂದ ಅಕ್ಕಿ ತಂದಳು. ಪಕ್ಕದ ಗದ್ದೆಯ ಕಮಲಮ್ಮ, "ನಮ್ಮ ಕಡೀಕೂ ಒಂಚೂರು ಲಾನ್ ತಿರುಗ್ಸೋ," ಎಂದು ಗುಂಡಯ್ಯನಿಗೆ ದುಂಬಾಲು ಬಿದ್ದಳು.

ಮಾರನೆಯ ವರ್ಷ ಮತ್ತೆ ತಪಾಸಣೆ ಹತ್ತಿರ ಬಂತು. ಭದ್ರಮ್ಮ ಬದುವಿನ ಮೇಲೆ ನಿಂತು ಗುಡ್ಡದ ಕಡೆ ಕೂಗಿದಳು:

"ಗುಂಡಯ್ಯಾ, ಈ ವಾರದ ಗೊಬ್ಬರ ಇನ್ನೂ ಇಳ್ದಿಲ್ಲ ಕಣೋ! ಹಾಕಿದ್ಯೋ ಇಲ್ವೋ?"

"ಹಾಕಿ ಆಯ್ತು ಅಕ್ಕಾ," ಎಂದ ಗುಂಡಯ್ಯ ಮೇಲಿನಿಂದ. "ಮಳೆ ಒಂಚೂರು ನಿಧಾನ ಐತೆ. ತಡಿ, ಪೈಪು ಬಿಡ್ತೀನಿ."